ಅವ್ವನ ಮೇಲೆ ಪ್ರಬಂಧ ಬರೆಸುವವರಿಗೆ

ರಾಮಥಾಳ, ಹುನಗುಂದ, ಇಳಕಲ್, ಬಾದಾಮಿ, ಬಾಗಲಕೋಟೆ ಸೀಮೆಯ ಶಾಲೆ ಕಾಲೇಜುಗಳಲ್ಲಿ ಕನ್ನಡ ಕಲಿಸುವ ಎಲ್ಲ ಗುರುಗಳಿಗೂ ಅಕ್ಕೋರಿಗೂ,

ನಿಮ್ಮ ಮಕ್ಕಳು ಬರೆದ ಪ್ರಬಂಧಗಳನ್ನು ಓದಿ ಅಂಕ ಹಾಕುವ ಕೆಲಸ ಆಗಾಗ ನನ್ನ ಪಾಲಿಗೆ ಬರುತ್ತದೆ. ವಿಷಯ ಹೆಚ್ಚಾಗಿ ಒಂದೇ: ‘ನನ್ನ ತಾಯಿ’. ಕಟ್ಟು ಬಿಚ್ಚಿ ಕೂತರೆ ಮೊದಲ ಹಾಳೆಯಲ್ಲಿ ನಡೆದಾಡುವ ದೇವರು, ಮುಂದಿನದರಲ್ಲಿ ಒಂಬತ್ತು ತಿಂಗಳು, ಅದರ ಮುಂದಿನದರಲ್ಲಿ ತಾನು ಕರಗಿ ಬೆಳಕು ಕೊಡುವ ಮೇಣದಬತ್ತಿ. ಉಪ್ಪು ಮತ್ತು ತಾಯಿಯ ಗಾದೆಯನ್ನಂತೂ ಬಿಟ್ಟವರೇ ಇಲ್ಲ. ಹೊಲದಲ್ಲಿ ಉಳ್ಳಾಗಡ್ಡಿ ಕೀಳುವವಳ ಮಗ, ಮಗ್ಗದ ಮನೆಯವಳ ಮಗಳು, ಗೋವಾಕ್ಕೆ ಬಿಲ್ಡಿಂಗ್ ಕೆಲಸಕ್ಕೆ ಹೋದವಳ ಮಕ್ಕಳು, ನಿಮ್ಮದೇ ಸಾಲಿಯ ಬಿಸಿಯೂಟದ ಒಲೆ ಮುಂದೆ ಕೂತವಳ ಮಗಳು, ಇವರೆಲ್ಲ ಒಬ್ಬಳೇ ತಾಯಿಯ ಬಗ್ಗೆ ಬರೆದಿರುತ್ತಾರೆ. ಆ ತಾಯಿ ಇವರ ಯಾರ ಮನೆಯಲ್ಲೂ ಇಲ್ಲ.

ಮಕ್ಕಳನ್ನು ದೂರಿ ಉಪಯೋಗವಿಲ್ಲ. ಗೈಡ್ ಪುಸ್ತಕದಲ್ಲಿ ಇರುವುದೂ ಇದೇ, ಸನ್ಮಾನ ಸಮಾರಂಭದ ಭಾಷಣದಲ್ಲಿ ಕೇಳುವುದೂ ಇದೇ, ಕವಿಗೋಷ್ಠಿಯಲ್ಲಿ ದೊಡ್ಡವರು ಓದುವ ಹತ್ತು ಪದ್ಯಗಳಲ್ಲಿ ನಾಲ್ಕು ಇದೇ. ಆದರೆ ನಮ್ಮ ಸಾಹಿತ್ಯದಲ್ಲಿ ಗಟ್ಟಿಯಾಗಿ ಉಳಿದ ತಾಯಂದಿರನ್ನು ಒಮ್ಮೆ ನೆನಪಿಸಿಕೊಳ್ಳಿ. ಮಕ್ಕಳ ಮೇಲೆ ಜೀವ ಇಟ್ಟವರೇ ಅವರೆಲ್ಲ. ಹಾಗಿದ್ದೂ ಅವರಿಗೆ ಅವರದೇ ಆದ ಒಂದು ಕೆಲಸವಿತ್ತು, ಒಂದು ಹಟವಿತ್ತು, ಒಂದು ಲೆಕ್ಕವಿತ್ತು. ಕಳೆದುಕೊಂಡದ್ದು ಏನು, ಎಷ್ಟು ಎಂದು ಬರೆದವರು ಅಳೆದು ತೂಗಿ ತೋರಿಸಿದ್ದಾರೆ. ನಮ್ಮ ಮಕ್ಕಳ ಹಾಳೆಗಳಲ್ಲಿ ಕಾಣದಿರುವುದು ಈ ಅಳತೆ. ಅದನ್ನೇ ನಿಮ್ಮಲ್ಲಿ ಕೇಳಿಕೊಳ್ಳಲು ಈ ಪತ್ರ.

ದೂರ ಹೋಗುವುದು ಬೇಡ, ನಮ್ಮ ಜಿಲ್ಲೆಯ ಮುಧೋಳಕ್ಕೇ ಬರೋಣ. ಹತ್ತನೆಯ ಶತಮಾನದಲ್ಲಿ ಅಲ್ಲಿ ಬಳೆ ಮಾರುವ ಒಂದು ಮನೆತನ. ಗಂಡ ಜಿನವಲ್ಲಭ, ಹೆಂಡತಿ ಅಬ್ಬಲಬ್ಬೆ. ಅವರ ಮಗ ವಿದ್ಯೆ ಹುಡುಕಿಕೊಂಡು ಶ್ರವಣಬೆಳಗೊಳದವರೆಗೆ ಹೋದ, ಅಜಿತಸೇನಾಚಾರ್ಯರ ಶಿಷ್ಯನಾದ, ಚಾವುಂಡರಾಯನ ಆಶ್ರಯ ಪಡೆದ, ಕೊನೆಗೆ ಚಾಲುಕ್ಯ ಚಕ್ರವರ್ತಿಯಿಂದ ಕವಿಚಕ್ರವರ್ತಿ ಎನಿಸಿಕೊಂಡ. ಅವನೇ ರನ್ನ. ಮುಧೋಳದಿಂದ ಬೆಳಗೊಳ ಎಷ್ಟು ದೂರ ಎಂದು ನಿಮ್ಮ ಮಕ್ಕಳಿಗೆ ನಕಾಶೆಯಲ್ಲಿ ತೋರಿಸಿ. ಬಸ್ಸಿಲ್ಲದ ಕಾಲ. ಕುಲಕಸುಬಿಗೆ ಕೈಯಾಗಬೇಕಿದ್ದ ಹುಡುಗನನ್ನು ಮನೆ ಬಿಟ್ಟುಕೊಟ್ಟಿತು. ಅಬ್ಬಲಬ್ಬೆ ಏನೆಂದಳೋ, ಅತ್ತಳೋ, ಬೈದಳೋ, ಯಾರೂ ಬರೆದಿಟ್ಟಿಲ್ಲ. ಮಗ ಒಂದು ಕೆಲಸ ಮಾಡಿದ: ತನ್ನ ಕಾವ್ಯದಲ್ಲಿ ಅವಳ ಹೆಸರು ಹೇಳಿದ. ಸಾವಿರ ವರ್ಷದ ಹಿಂದಿನ ಬಳೆಗಾರ ಹೆಣ್ಣುಮಗಳೊಬ್ಬಳ ಹೆಸರು ನಮಗೆ ಗೊತ್ತಿರುವುದು ಹೀಗೆ. ನಿಮ್ಮ ಮಕ್ಕಳ ಪ್ರಬಂಧಗಳಲ್ಲಿ ತಾಯಿಯ ಹೆಸರು ಎಷ್ಟು ಹಾಳೆಗಳಲ್ಲಿ ಇರುತ್ತದೆ ನೋಡಿ. ದೇವರಾದವಳಿಗೆ ಹೆಸರಿನ ಹಂಗು ಯಾಕೆ ಎಂದೋ ಏನೋ, ಬಹಳ ಮಂದಿ ಬರೆಯುವುದೇ ಇಲ್ಲ.

ಅದೇ ರನ್ನ 993ರಲ್ಲಿ ಮುಗಿಸಿದ ‘ಅಜಿತಪುರಾಣ’ದಲ್ಲಿ ಇನ್ನೊಬ್ಬ ತಾಯಿ ಬರುತ್ತಾಳೆ, ಅತ್ತಿಮಬ್ಬೆ. ಅಕ್ಕ ತಂಗಿ ಇಬ್ಬರಿಗೂ ನಾಗದೇವ ಒಬ್ಬನೇ ಗಂಡ. ಅವನು ಯುದ್ಧದಲ್ಲಿ ಸತ್ತಾಗ ತಂಗಿ ಗುಂಡಮಬ್ಬೆ ಚಿತೆ ಏರಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿ ಬದುಕಿ ಉಳಿದಳು. ಆ ಕಾಲದಲ್ಲಿ ಬದುಕಿ ಉಳಿಯುವುದೂ ಸಣ್ಣ ಮಾತಲ್ಲ. ಕಥೆ ಇಲ್ಲಿಗೇ ನಿಂತಿದ್ದರೆ ಅವಳೂ ನಮ್ಮ ಮಾದರಿ ಪ್ರಬಂಧಕ್ಕೆ ಹೊಂದಿಕೊಳ್ಳುತ್ತಿದ್ದಳು. ಆದರೆ ಅವಳು ನಿಲ್ಲಲಿಲ್ಲ. ಪೊನ್ನನ ‘ಶಾಂತಿಪುರಾಣ’ ಅಳಿದು ಹೋದೀತೆಂದು ಓಲೆಗರಿಯ ಮೇಲೆ ಸಾವಿರ ಪ್ರತಿ ಬರೆಸಿ ಹಂಚಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು, ಕವಿಯನ್ನು ಸಾಕಿದಳು. ಮಗ ದೊಡ್ಡವನಾಗಲಿ ಎಂಬ ಆಸೆಯ ಪಕ್ಕದಲ್ಲೇ ಪುಸ್ತಕ ಉಳಿಯಲಿ ಎಂಬ ಆಸೆಯೂ ಅವಳಿಗಿತ್ತು. ರನ್ನ ತನ್ನ ಮಗಳಿಗೆ ಅತ್ತಿಮಬ್ಬೆ ಎಂದೇ ಹೆಸರಿಟ್ಟ.

ಇನ್ನು ಪುಣ್ಯಕೋಟಿ. ನೀವೆಲ್ಲ ಕಲಿಸಿದ್ದೀರಿ, ಕಲಿಸುವಾಗ ಅಕ್ಕೋರ ಕಣ್ಣೂ ತೇವವಾಗುವುದನ್ನು ಕಂಡಿದ್ದೇನೆ. ತಾಯಿಯ ತ್ಯಾಗಕ್ಕೆ ಉದಾಹರಣೆ ಕೊಡು ಎಂದರೆ ಮಕ್ಕಳು ಮೊದಲು ಕೈ ಎತ್ತುವುದೇ ಆ ಹಸುವಿಗೆ. ಆದರೆ ಕಥೆಯನ್ನು ಇನ್ನೊಮ್ಮೆ ನೋಡಿ. ಪುಣ್ಯಕೋಟಿ ಮಗುವಿಗಾಗಿ ಪ್ರಾಣ ಕೊಡಲು ಹೊರಟವಳಲ್ಲ. ಹುಲಿಗೆ ಕೊಟ್ಟ ಮಾತಿಗಾಗಿ ಮಗುವನ್ನು ತಬ್ಬಲಿ ಮಾಡಲು ಸಿದ್ಧಳಾದವಳು. ಹೋಗುವ ಮೊದಲು ಕರುವನ್ನು ಅಕ್ಕತಂಗಿಯರ ಮಡಿಲಿಗೆ ಹಾಕಿ, ಯಾರು ನೋಡಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬೇಕು ಎಂದು ಒಂದೊಂದಾಗಿ ಏರ್ಪಾಡು ಮಾಡಿ ಹೋಗುತ್ತಾಳೆ. ಕನ್ನಡದ ಅತ್ಯಂತ ಪ್ರೀತಿಯ ತಾಯಿ ಮಗುವಿಗಿಂತ ದೊಡ್ಡದಾದದ್ದೊಂದನ್ನು ಹಿಡಿದವಳು. ಈ ಬಿಕ್ಕಟ್ಟನ್ನು ತರಗತಿಯಲ್ಲಿ ಚರ್ಚೆಗೆ ಇಟ್ಟು ನೋಡಿ, ಆರನೆಯ ಇಯತ್ತೆಯ ಹುಡುಗರೂ ಜಗಳಕ್ಕೆ ಬೀಳುತ್ತಾರೆ. ಬೀಳಲಿ.

ಗಂಡುಮಕ್ಕಳು ತಾಯಿಯ ಋಣ ತೀರಿಸಲು ಬರೆದದ್ದು ನಮ್ಮಲ್ಲಿ ಬೇಕಾದಷ್ಟಿದೆ. ಧಾರವಾಡದಲ್ಲಿ ಹೆಂಗಸರೇ ನಡೆಸಿದ ಖಾನಾವಳಿಯ ಅನ್ನ ಉಂಡು ಬೆಳೆದ ಬೇಂದ್ರೆ ತಾಯಿಯ ಹೆಸರನ್ನೇ ಕಾವ್ಯನಾಮ ಮಾಡಿಕೊಂಡು ಅಂಬಿಕಾತನಯದತ್ತರಾದರು. ಗಡಿಯಾಚೆಯ ಸಾನೆ ಗುರೂಜಿ 1933ರಲ್ಲಿ ನಾಸಿಕದ ಜೈಲಿನಲ್ಲಿ ಕೂತು ‘ಶ್ಯಾಮಚಿ ಆಯಿ’ ಬರೆದರು. ಅದರ ಆಧಾರದ ಸಿನಿಮಾಕ್ಕೆ 1954ರಲ್ಲಿ ಮೊಟ್ಟಮೊದಲ ರಾಷ್ಟ್ರಪತಿ ಸ್ವರ್ಣಪದಕವೂ ಬಂತು. ಒಳ್ಳೆಯ ಪುಸ್ತಕ, ನಾನೂ ಕಣ್ಣೀರಿಟ್ಟು ಓದಿದ್ದೇನೆ. ಆದರೆ ಅಲ್ಲಿ ತಾಯಿ ಇರುವುದೆಲ್ಲ ಮಗನನ್ನು ತಿದ್ದುವುದಕ್ಕೆ. ಮಗ ಮಲಗಿದ ಮೇಲೆ ಅವಳು ಏನು ಯೋಚಿಸುತ್ತಿದ್ದಳು ಎಂಬುದು ಮಗನಿಗೆ ಹೊಳೆಯುವಂತಿಲ್ಲ.

ಅದು ಹೊಳೆದದ್ದು ‘ಗೃಹಭಂಗ’ದಲ್ಲಿ. ಎಸ್. ಎಲ್. ಭೈರಪ್ಪನವರ ಈ ಕಾದಂಬರಿ ಬಂದದ್ದು 1970ರಲ್ಲಿ. ಗಿರೀಶ ಕಾಸರವಳ್ಳಿ ಮುಂದೆ ಇದನ್ನು ಧಾರಾವಾಹಿ ಮಾಡಿದಾಗ ನೋಡಿದವರು ನಿಮ್ಮಲ್ಲಿ ಇದ್ದೀರಿ. ಕಥೆ ನಡೆಯುವುದು ತಿಪಟೂರು ಕಡೆಯ ರಾಮಸಂದ್ರದಲ್ಲಿ. ನಂಜಮ್ಮನ ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ. ಉಣ್ಣುವುದೊಂದು ಬಿಟ್ಟರೆ ಅವನಿಗೆ ಬೇರೆ ಉದ್ಯೋಗವಿಲ್ಲ. ಅತ್ತೆ ಗಂಗಮ್ಮನ ಬಾಯಿಗೆ ಊರೇ ಹೆದರುತ್ತದೆ. ಹೊಲಮನೆ ಕೈಬಿಟ್ಟು ಹೋಗುವಾಗ ನಂಜಮ್ಮ ಶಾನುಭೋಗಿಕೆಯ ಲೆಕ್ಕ ಬರೆಯಲು ಕಲಿಯುತ್ತಾಳೆ. ಪುಸ್ತಕಕ್ಕೆ ಗೆರೆ ಎಳೆಯುವವಳು ಅವಳು, ಅಂಕಿ ತುಂಬುವವಳು ಅವಳು, ಸಹಿ ಮಾತ್ರ ಗಂಡನದು. ಸಾಲದ್ದಕ್ಕೆ ಮುತ್ತುಗದ ಎಲೆ ಹಚ್ಚುತ್ತಾಳೆ. ಪಾರ್ವತಿ, ರಾಮಣ್ಣ, ವಿಶ್ವ, ಮೂವರೂ ಓದಿ ಮನುಷ್ಯರಾಗಲಿ, ತಲೆಯ ಮೇಲೊಂದು ಸ್ವಂತ ಸೂರು ಇರಲಿ ಎಂಬಷ್ಟೇ ಅವಳ ಕನಸು. ಆಮೇಲೆ ಪ್ಲೇಗು ಬರುತ್ತದೆ. ಮದುವೆಯಾದ ಮಗಳೂ ಓದುವ ಮಗನೂ ಬೆನ್ನು ಬೆನ್ನಿಗೆ ಹೋಗುತ್ತಾರೆ, ಕೊನೆಗೆ ಅವಳೂ. ಉಳಿದ ವಿಶ್ವನ ಕೈ ಹಿಡಿಯುವವರು ರಕ್ತಸಂಬಂಧಿಗಳಲ್ಲ, ಭಿಕ್ಷೆಯ ಅಯ್ಯನವರಾದ ಮಾದೇವಯ್ಯ.

ನಂಜಮ್ಮನಿಗೆ ಒಂದೇ ಒಂದು ಕಡೆಯೂ ಭೈರಪ್ಪ ಆರತಿ ಎತ್ತುವುದಿಲ್ಲ. ಎಷ್ಟು ಪಲ್ಲ ರಾಗಿ ಬಂತು, ಎಷ್ಟು ದಿನಕ್ಕೆ ಸಾಕಾಗುತ್ತದೆ, ಯಾರ ಹತ್ತಿರ ಎಷ್ಟು ಸಾಲ, ವರ್ಷಾಶನದ ದುಡ್ಡನ್ನು ಗಂಡ ಹೋಟೆಲಿನಲ್ಲಿ ಹೇಗೆ ತಿಂದು ಬಂದ ಎಂದು ಹೇಳುತ್ತಾ ಹೋಗುತ್ತಾರೆ. ಓದುವವನಿಗೆ ಹೊಟ್ಟೆಯಲ್ಲಿ ಸಂಕಟ ಏಳುವುದು ಈ ಲೆಕ್ಕದಿಂದ. ಈ ಪುಸ್ತಕದ ಹಿಂದೆ ಲೇಖಕರ ಸ್ವಂತ ಬಾಲ್ಯ ಎಷ್ಟಿದೆ ಎಂಬುದು ಅವರ ಆತ್ಮಕಥೆ ‘ಭಿತ್ತಿ’ ಓದಿದವರಿಗೆ ಗೊತ್ತು. ಭೈರಪ್ಪನವರ ಇತರ ಕಾದಂಬರಿಗಳ ಬಗ್ಗೆ ನನ್ನ ತಕರಾರುಗಳಿವೆ, ಅದು ಬೇರೆ ಮಾತು. ತಾಯಿಯ ಬಗ್ಗೆ ಹೇಗೆ ಬರೆಯಬೇಕು ಎಂದು ಯಾರಾದರೂ ಕೇಳಿದರೆ ಮೊದಲು ಇದನ್ನೇ ಕೈಗೆ ಕೊಡುತ್ತೇನೆ.

ಹೆಂಗಸರೇ ಬರೆದಾಗ ಚಿತ್ರ ಇನ್ನೂ ತಿರುಗುತ್ತದೆ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬೀಳುತ್ತಾಳೆ, ಗುಣವಾಗಿ ಮನೆಗೆ ಬಂದರೂ ಮನೆಯವರ ಕಣ್ಣಿನ ಅನುಮಾನ ಗುಣವಾಗುವುದಿಲ್ಲ. ತಾಯ್ತನ ಒಬ್ಬಳನ್ನು ಮುರಿಯಲೂಬಹುದು ಎಂದು ಅಷ್ಟು ಹಿಂದೆಯೇ ಹೇಳಿದ ತ್ರಿವೇಣಿ ಸ್ವತಃ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಾನು ಮುಷ್ತಾಕರ ‘ಎದೆಯ ಹಣತೆ’ ಕಥೆ ದೀಪಾ ಭಾಸ್ತಿಯವರ ಅನುವಾದದಲ್ಲಿ ಲೋಕ ಸುತ್ತಿ, ಆ ಹೆಸರಿನ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದದ್ದು ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಬಹಳ ಮಂದಿ ಸಿಹಿ ಹಂಚಿದಿರಿ. ಕಥೆ ಓದಿಸಿದಿರಾ? ಗಂಡ ಕೈಬಿಟ್ಟ, ತವರೂ ಬಾಗಿಲು ಮುಚ್ಚಿದ ಹೆಣ್ಣೊಬ್ಬಳು ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡು ನಿಂತಿದ್ದಾಳೆ. ಅವಳನ್ನು ತಡೆಯುವವಳು ದೊಡ್ಡ ಮಗಳು. ತಾಯಿ ಮಕ್ಕಳಿಗಾಗಿ ಸಾಯುವುದನ್ನು ಹೊಗಳುವ ಸಾಹಿತ್ಯದ ನಡುವೆ, ತಾಯಿ ಮಕ್ಕಳಿಗಾಗಿ ಬದುಕಲಿ ಎಂದು ಮಗಳು ಹಟ ಹಿಡಿಯುವ ಕಥೆ ಇದು.

ಹೀಗೆ ನೋಡುತ್ತಾ ಬಂದಾಗ ನಮ್ಮ ಸೀಮೆಯ ತಾಯಂದಿರ ಲೆಕ್ಕ ಎಲ್ಲಿ ಬರೆದಿದೆ ಎಂದು ಹುಡುಕುತ್ತೇನೆ. ಪಕ್ಕದ ವಿಜಾಪುರ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ ಮತ್ತು ಗೆಳೆಯರು ಬೀಸುವ ಕಲ್ಲಿನ ಮುಂದಿನ ಹೆಂಗಸರಿಂದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. ತವರು, ತೊಟ್ಟಿಲು, ಹಡೆದವ್ವನ ಸಂಕಟ, ಬಂಜೆಯ ಸಂಕಟ ಎಲ್ಲ ಅಲ್ಲಿದೆ. ಸಂಗ್ರಹಿಸಿದ ಗೆಳೆಯರ ಹೆಸರು ನಮಗೆ ಬಾಯಿಪಾಠ. ಹಾಡಿದವರಲ್ಲಿ ಹೆಚ್ಚಿನವರ ಹೆಸರು ಹೋಯಿತು. ಈಗ ಗಿರಣಿ ಬಂದು ಬೀಸುವ ಕಲ್ಲೂ ಹೋಗಿದೆ, ಅವ್ವಂದಿರಿಗೆ ಹಾಡುವ ಜಾಗವೇ ಇಲ್ಲ. ಆ ಜಾಗ ನಿಮ್ಮ ತರಗತಿಯ ಹಾಳೆ ಆಗಬಹುದು ಎಂಬುದು ನನ್ನ ಆಸೆ.

ಏನು ಬರೆಯಬಹುದು ಎಂದರೆ, ಇಳಕಲ್ಲಿನ ಮಗ್ಗದ ಮನೆಯನ್ನೇ ತೆಗೆದುಕೊಳ್ಳಿ. ಸೀರೆಯ ಒಡಲಿಗೆ ಒಂದು ಹಾಸು, ಸೆರಗಿನ ರೇಷ್ಮೆಗೆ ಇನ್ನೊಂದು ಹಾಸು, ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಟೋಪ್ ತೆನಿ ಸೆರಗು ಬರುವುದು ಆ ಮೇಲೆ. ಮಗ್ಗಕ್ಕೆ ಕೂಡುವ ಮೊದಲು ನೂಲು ಬಿಡಿಸಿ ರಾಟಿಗೆ ಹಾಕಿ ಕಂಡಿಕೆ ಸುತ್ತುವ ಕೆಲಸ ಬಹುಮಟ್ಟಿಗೆ ತಾಯಿಯದು, ಸಾಲಿ ಬಿಟ್ಟು ಬಂದ ಮೇಲೆ ಮಗಳದು. ಸೀರೆಯ ಮಜೂರಿ ಒಂದೇ, ಅದು ಬರುವುದು ನೇಯ್ದವನ ಹೆಸರಿನಲ್ಲಿ. ಕಂಡಿಕೆಯ ಲೆಕ್ಕ ಯಾರೂ ಇಡುವುದಿಲ್ಲ. “ಮನಿ ಕೆಲಸಕ್ಕ ಪಗಾರ ಕೇಳತಾರೇನ್ರೀ?” ಎಂದು ಅವಳೇ ನಗುತ್ತಾಳೆ. ಮಗ ಕೋಚಿಂಗಿಗೆ ಧಾರವಾಡಕ್ಕೆ ಹೋಗುವಾಗ ಬಂಗಾರ ಒತ್ತಿ ಇಡುವವಳೂ ಅವಳೇ. ಮಗಳ ಮದುವೆ ಮಾತು ಹತ್ತನೆಯ ಪರೀಕ್ಷೆಗಿಂತ ಮೊದಲು ಬಂದರೆ ಸುಮ್ಮನಿರುವವಳೂ ಬಹಳ ಸಲ ಅವಳೇ. ಇದನ್ನು ಬರೆಯಲು ಧೈರ್ಯ ಬೇಕು. ತಾಯಿಯ ಕನಸು ಎಲ್ಲ ಮಕ್ಕಳಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಅಣ್ಣನ ಫೀಗೆ ಅವ್ವ ಕೊಟ್ಟದ್ದು ತನ್ನ ಬೋರಮಾಳ ಸರ ಮಾತ್ರವಲ್ಲ, ತಂಗಿಯ ಎರಡು ವರ್ಷದ ಓದೂ ಅದರಲ್ಲಿ ಸೇರಿರುತ್ತದೆ. ಪ್ರಬಂಧದಲ್ಲಿ ಅಣ್ಣ ಅವ್ವನನ್ನು ಹೊಗಳುತ್ತಾನೆ. ತಂಗಿ ಪ್ರಬಂಧ ಬರೆಯುವ ಹೊತ್ತಿಗೆ ಸಾಲಿಯಲ್ಲಿ ಇರುವುದಿಲ್ಲ.

ರಾಮಥಾಳದ ಕಡೆ ಬಂದರೆ ಮಾತು ನೀರಿಗೆ ಹೋಗುತ್ತದೆ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ಸುಮಾರು 24,000 ಹೆಕ್ಟೇರ್‌ಗೆ ಹನಿ ನೀರಾವರಿಯಲ್ಲಿ ಕೊಡುವ ರಾಮಥಾಳ–ಮರೋಳ ಯೋಜನೆ ಬಂದಾಗ ದೇಶವೆಲ್ಲ ನಮ್ಮ ಯರಿ ಹೊಲಗಳ ಹೆಸರು ಹೇಳಿತು. ನೀರು ಬಂದರೆ ಮಕ್ಕಳನ್ನು ಕಟ್ಟಿಕೊಂಡು ಮಂಗಳೂರು, ಗೋವಾ ಅಲೆಯುವುದು ತಪ್ಪೀತು, ಒಂದೇ ಸಾಲಿಯಲ್ಲಿ ವರ್ಷಪೂರ್ತಿ ಕಲಿತಾರು ಎಂದು ಎಷ್ಟು ತಾಯಂದಿರು ಆಸೆಪಟ್ಟಿರಬೇಕು. ಕೆಲವರ ಹೊಲಕ್ಕೆ ನೀರಾಯಿತು. ಕೆಲವು ಕಡೆ ಪೈಪುಗಳು ಬಳಕೆಯಾಗದೆ ಬಿದ್ದವು. ಯೋಜನೆಯ ಯಶಸ್ಸು ಸೋಲುಗಳ ವರದಿಗಳನ್ನು ಎಂಜಿನಿಯರುಗಳು ಬರೆದಿದ್ದಾರೆ, ಸಂಶೋಧಕರು ಬರೆದಿದ್ದಾರೆ. ವಾಲ್ವ್ ತಿರುಗಿಸಲು ಬೆಳಗಿನ ಜಾವ ಎದ್ದು ಹೋಗುವ ಹೆಂಗಸಿನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಬರೆಯಬೇಕಾದವರು ಅವಳ ಮನೆಯಲ್ಲೇ ಇದ್ದಾರೆ, ನಿಮ್ಮ ಎರಡನೇ ಬೆಂಚಿನಲ್ಲಿ ಕೂತಿದ್ದಾರೆ.

ಹಾಗೆಯೇ ಕುಡಿತ. ಇಳಕಲ್ಲಿನ ಮಹಾಂತ ಶ್ರೀಗಳು ಜೋಳಿಗೆ ಹಿಡಿದು ಓಣಿ ಓಣಿ ಅಲೆದು, ನಿಮ್ಮ ಚಟಗಳನ್ನು ಇದಕ್ಕೆ ಹಾಕಿ ಎಂದು ಬೇಡಿದ ಊರು ಇದು. ಅವರ ಹುಟ್ಟುಹಬ್ಬದ ಆಗಸ್ಟ್ 1ನ್ನು ವ್ಯಸನಮುಕ್ತ ದಿನವೆಂದು ಆಚರಿಸುತ್ತೀರಿ, ಮಕ್ಕಳಿಂದ ಭಾಷಣ ಮಾಡಿಸುತ್ತೀರಿ. ಜೋಳಿಗೆ ಬಾಗಿಲಿಗೆ ಬಂದಾಗ ಗಂಡ ಅದಕ್ಕೆ ಏನಾದರೂ ಹಾಕುತ್ತಾನೋ ಇಲ್ಲವೋ ಎಂದು ಒಳಗಿನಿಂದ ನೋಡುತ್ತಾ ನಿಂತವಳ ಬಗ್ಗೆ ನಮ್ಮಲ್ಲಿ ಒಂದು ಒಳ್ಳೆಯ ಕಥೆ ಇರಬೇಕಿತ್ತು. ನಾನಂತೂ ಓದಿಲ್ಲ.

ಮಕ್ಕಳಿಗೆ ಇದು ಬರುವುದಿಲ್ಲ ಅನ್ನಬೇಡಿ. ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳ ಹಾಳೆ ನನ್ನ ಕೈಗೆ ಬಂದಿತ್ತು. ಒತ್ತಕ್ಷರ ಅರ್ಧಕ್ಕರ್ಧ ತಪ್ಪು, ಭಾಷೆ ಮನೆಯದು. ಅವ್ವ ಸಂಘದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಳಂತೆ. ಒಮ್ಮೆ ಸಾಲ ಬರೆಯುವವರು ಯಾರೋ ಎಲ್ಲರ ಮುಂದೆ ನಕ್ಕರಂತೆ. ಆ ರಾತ್ರಿ ರೊಟ್ಟಿ ಬಡಿದು ಮುಗಿದ ಮೇಲೆ ಅವ್ವ ಮಗಳಿಗೆ, “ನನ್ನ ಹೆಸರ ಹೆಂಗ ಬರೀತಾರ ತೋರಸು” ಎಂದಳು. ಹಂಚಿನ ಮುಂದೆ ಚೆಲ್ಲಿದ ಜೋಳದ ಹಿಟ್ಟನ್ನೇ ಹರಡಿ, ಬೆರಳಿನಿಂದ ಬರೆದು ಅಳಿಸಿ ಬರೆದು ಅಳಿಸಿ ಕಲಿತಳು. ಮೊದಲ ಸಲ ಪೆನ್ನಿನಲ್ಲಿ ಪೂರಾ ಹೆಸರು ಬರೆದ ದಿನ ನೋಟ್‌ಬುಕ್ಕಿನ ಆ ತುಣುಕನ್ನು ಹರಿದು ಕುಬಸದಲ್ಲಿ ಇಟ್ಟುಕೊಂಡು ಹೊಲಕ್ಕೆ ಹೋದಳು. ಕೊನೆಯ ಸಾಲಿನಲ್ಲಿ ಹುಡುಗಿ ಬರೆದದ್ದು: ಅವ್ವಗ ಓದಾಕ ಭಾಳ ಮನಸಿತ್ತು ಅಂತ ನನಗ ಗೊತ್ತೇ ಇರಲಿಲ್ಲ, ಆಕಿ ಹೇಳಿರಲೇ ಇಲ್ಲ, ನಾನೂ ಕೇಳಿರಲೇ ಇಲ್ಲ.

ಇಡೀ ಕಟ್ಟಿನಲ್ಲಿ ‘ತ್ಯಾಗ’ ಎಂಬ ಶಬ್ದವಿಲ್ಲದ ಹಾಳೆ ಅದೊಂದೇ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಮುಂದಿನ ಸಲ ವಿಷಯ ಕೊಡುವಾಗ ‘ನನ್ನ ತಾಯಿ’ ಎಂದು ಕೊಡಬೇಡಿ. ಮಕ್ಕಳು ಮನೆಗೆ ಹೋಗಿ ಅವ್ವನನ್ನು ಕೇಳಿ ಬರಲಿ: ನನ್ನಷ್ಟು ಇದ್ದಾಗ ಏನಾಗಬೇಕು ಅಂದುಕೊಂಡಿದ್ದೆ? ಸಾಲಿ ಯಾವಾಗ ಬಿಟ್ಟೆ, ಬಿಡು ಅಂದವರು ಯಾರು? ಮದುವೆಯಲ್ಲಿ ಬಂದ ಬಂಗಾರ ಈಗ ಎಲ್ಲಿದೆ? ನಮಗಲ್ಲದೆ ನಿನಗೇ ಅಂತ ಏನಾದರೂ ಬೇಕೇನು? ತಾಯಿ ತಂದೆ ದುಡಿಯಲು ಹೋಗಿ ಆಯಿಯ ಹತ್ತಿರ ಇರುವ ಮಕ್ಕಳು ನಿಮ್ಮಲ್ಲಿ ಬಹಳ ಇದ್ದಾರೆ. ಅವರು ಆಯಿಯನ್ನು ಕೇಳಲಿ, ಇಲ್ಲವೇ ಫೋನಿನಲ್ಲಿ ಅವ್ವನನ್ನೇ ಕೇಳಲಿ. ರವಿವಾರ ರಾತ್ರಿ ಅವಳು ಹೇಗೂ ಫೋನು ಮಾಡುತ್ತಾಳೆ. ತಾಯಿ ಇಲ್ಲದ ಮಗುವಿಗೆ ಬೇರೆ ವಿಷಯ ಕೊಡಿ, ದಯವಿಟ್ಟು. ಕೇಳಿದ್ದನ್ನು ಕೇಳಿದ ಹಾಗೆಯೇ ನಮ್ಮ ಮಾತಿನಲ್ಲಿ ಬರೆದರೂ ಅಂಕ ಕಡಿಯಬೇಡಿ. ಕಾಗುಣಿತ ಆಮೇಲೆ ತಿದ್ದೋಣ.

ಉತ್ತರಗಳು ಯಾವಾಗಲೂ ಚೆಂದ ಇರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವು ಅವ್ವಂದಿರು ನಕ್ಕು ಹಾರಿಸುತ್ತಾರೆ. ಕೆಲವರು ಬೈದು ಕಳಿಸುತ್ತಾರೆ: “ಸಾಲ್ಯಾಗ ಇದನ್ನ ಕಲಸತಾರೇನ ನಿನಗ?” ಆ ಬೈಗುಳವನ್ನೂ ಬರೆದುಕೊಂಡು ಬರಲಿ. ಕೆಲವರು ಗಂಡನ ಬಗ್ಗೆ, ಅತ್ತೆಯ ಬಗ್ಗೆ, ತವರಿನ ಬಗ್ಗೆ ಹೇಳಬಾರದ್ದನ್ನು ಹೇಳಿಬಿಡುತ್ತಾರೆ. ಹಾಗಾಗಿ ಹಾಳೆಯನ್ನು ಗೋಡೆಪತ್ರಿಕೆಗೆ ಹಚ್ಚುವ, ವಾರ್ಷಿಕೋತ್ಸವದ ವೇದಿಕೆಯಲ್ಲಿ ಮೈಕಿನ ಮುಂದೆ ಓದಿಸುವ ಮೊದಲು ಅವಳನ್ನು ಒಮ್ಮೆ ಕೇಳಿ. ಮಗಳೇ ಓದಿ ಹೇಳಲಿ, ಅವಳು ಕೇಳಿಸಿಕೊಂಡು ಒಪ್ಪಲಿ. ಯಾವ ಸಾಲು ಬೇಡ ಅನ್ನುತ್ತಾಳೋ ಅದನ್ನು ತೆಗೆಯಿರಿ. ಪೂರಾ ಬೇಡ ಅಂದರೆ ಹಾಳೆ ಅವಳಿಗೇ ಕೊಟ್ಟುಬಿಡಿ, ಅಂಕ ಮಾತ್ರ ಮಗುವಿಗೆ ಹಾಕಿರಿ.

ಇಂತಿ,
ನಿಮ್ಮ ಮಕ್ಕಳ ಹಾಳೆಗಳಿಗೆ ಕಾದಿರುವ ಒಬ್ಬ ಓದುಗ